‘ಪೆನ್ಸಿಲ್ ಅಸ್ ಇನ್’ ಅಂದವರಿಗೆ ರೂಮು ಹಿಡಿದಿಡಬೇಕೇ? ಹೋಂಸ್ಟೇ ನಡೆಸುವವರಿಗೆ ಬೇಕಾದ ಇಂಗ್ಲಿಷ್ ನುಡಿಗಟ್ಟುಗಳು

ಪ್ರಶ್ನೆ: ಕಕ್ಕಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಅಷ್ಟಿಷ್ಟು ಮಾತಾಡುತ್ತೇನೆ, ವ್ಯಾಕರಣವೂ ಪರವಾಗಿಲ್ಲ. ಆದರೆ ಅತಿಥಿಗಳು ಅವರ ಸಹಜ ವೇಗದಲ್ಲಿ ಮಾತಾಡಿದರೆ ಅರ್ಧ ಹಿಡಿಯುತ್ತದೆ, ಅರ್ಧ ಜಾರಿಹೋಗುತ್ತದೆ. ಒಂದೊಂದು ಪದವೂ ಗೊತ್ತಿರುವುದೇ, ಸೇರಿದಾಗ ಮಾತ್ರ ಬೇರೇನೋ ಆಗಿಬಿಡುತ್ತದೆ. ಸಾವಿರ ಇಡಿಯಮ್‌ಗಳ ಪುಸ್ತಕ ತಂದು ಬಾಯಿಪಾಠ ಮಾಡುತ್ತಿದ್ದೇನೆ. ಜುಲೈನಲ್ಲಿ ಒಬ್ಬ ಅತಿಥಿಗೆ ‘ಇಟ್ಸ್ ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಅಂದೆ, ಅವರು ನಕ್ಕುಬಿಟ್ಟರು. ತಪ್ಪೇನಿತ್ತು? ಎಷ್ಟು ಕಲಿಯಬೇಕು, ಯಾವುದನ್ನು, ಹೇಗೆ? ನಮ್ಮ ಮಾವ ಸೇನೆಯಿಂದ ನಿವೃತ್ತರಾದವರು, ಒಳ್ಳೆಯ ಇಂಗ್ಲಿಷ್ ಮಾತಾಡುತ್ತಾರೆ. ಅವರಿಂದ ಕಲಿತರೆ ಸಾಕೇ?

ಉತ್ತರ: ನೀವು ಹೇಳಿದ ವಾಕ್ಯದಲ್ಲಿ ತಪ್ಪಿಲ್ಲ. ಅದು ಹಳೆಯ ಮಾತು, ಅಷ್ಟೆ. ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತಿದೆ, ಇಂಗ್ಲಿಷ್ ಮನೆಮಾತಿನವರ ಬಾಯಲ್ಲಿ ಅಪರೂಪವಾಗಿದೆ. ಅದೇ ಮಳೆಗೆ ಅವರು ‘ಇಟ್ಸ್ ಪೋರಿಂಗ್’ ಅನ್ನುತ್ತಾರೆ. ಬ್ರಿಟನ್ನಿನವರು ‘ಇಟ್ಸ್ ಬಕೆಟಿಂಗ್ ಡೌನ್’ ಅಂದಾರು. ಹನಿ ಹಾಕಲು ಶುರುವಾದರೆ ‘ಇಟ್ಸ್ ಸ್ಪಿಟಿಂಗ್’. ಕೊಡಗಿನ ಮಳೆಗಾಲಕ್ಕೆ ಈ ಮೂರು ಸಾಕು. ನಕ್ಕವರು ಬಹುಶಃ ಪ್ರೀತಿಯಿಂದಲೇ ನಕ್ಕಿದ್ದಾರೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ತೊಂದರೆ ಇರುವುದು ಪುಸ್ತಕದ ಜೋಡಣೆಯಲ್ಲಿ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ‘ಬೈ ದ ವೇ’, ವರ್ಷಕ್ಕೊಮ್ಮೆಯೂ ಕೇಳದ ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’, ಬರಹದಲ್ಲಿ ಮಾತ್ರ ಕಾಣುವ ಇನ್ನೊಂದು, ತಮಾಷೆಗಷ್ಟೇ ಹೇಳುವ ಮತ್ತೊಂದು, ಎಲ್ಲಕ್ಕೂ ಅಲ್ಲಿ ಒಂದೇ ಒಂದು ಸಾಲು. ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಸಾವಿರವನ್ನೂ ಉರು ಹೊಡೆದವರಿಗೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಜಗಲಿಯಲ್ಲಿ ಕೂತ ಅತಿಥಿಯ ಮಾತು ಆಗಲೂ ಜಾರಿಹೋಗುತ್ತದೆ.

ಆದ್ದರಿಂದ ಮೊದಲು ಎರಡು ರಾಶಿ ಮಾಡಿ. ಕೇಳಿದರೆ ಅರ್ಥವಾಗಬೇಕಾದ್ದು ಒಂದು, ನಿಮ್ಮ ಬಾಯಿಂದ ಬರಬೇಕಾದ್ದು ಇನ್ನೊಂದು. ಮೊದಲನೆಯದು ದೊಡ್ಡದಿರಲಿ, ಎರಡನೆಯದು ಚಿಕ್ಕದಿರಲಿ. ಹೋಂಸ್ಟೇ ಕೆಲಸಕ್ಕೆ ನೂರೈವತ್ತು ಅರ್ಥವಾದರೆ, ನಲವತ್ತು ಹೇಳಲು ಬಂದರೆ ಮೊದಲ ವರ್ಷಕ್ಕೆ ಧಾರಾಳ. ಅತಿಥಿ ಬಳಸಿದ ನುಡಿಗಟ್ಟು ನಿಮಗೆ ಅರ್ಥವಾಗದಿದ್ದರೆ ರೂಮು, ಊಟ, ದುಡ್ಡು, ಏನಾದರೊಂದು ಎಡವಟ್ಟಾಗುತ್ತದೆ. ನೀವು ಬಣ್ಣದ ನುಡಿಗಟ್ಟು ಬಳಸದಿದ್ದರೆ ಯಾರಿಗೂ ನಷ್ಟವಿಲ್ಲ; ಸರಳ ಇಂಗ್ಲಿಷನ್ನು ಎಲ್ಲರೂ ಮೆಚ್ಚುತ್ತಾರೆ.

ಬುಕಿಂಗ್ ಮಾತು

ಮೊದಲು ಇದನ್ನೇ ಕಲಿಯಿರಿ, ಯಾಕೆಂದರೆ ಇಲ್ಲಿ ಒಂದೊಂದು ಮಾತಿಗೂ ಒಂದೊಂದು ತೂಕ. ‘ಅವರ್ ಪ್ಲ್ಯಾನ್ಸ್ ಆರ್ ಸ್ಟಿಲ್ ಅಪ್ ಇನ್ ದಿ ಏರ್’ ಅಂದರೆ ವಿಮಾನದ ಸುದ್ದಿಯಲ್ಲ, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು. ಅಂಥವರಿಗೆ ರೂಮು ಹಿಡಿದಿಡಬೇಕಾಗಿಲ್ಲ. ‘ಪೆನ್ಸಿಲ್ ಅಸ್ ಇನ್ ಫಾರ್ ದ ಫೋರ್ಟೀನ್ತ್’ ಅಂದರೆ ಹದಿನಾಲ್ಕಕ್ಕೆ ನಮ್ಮ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಅಳಿಸಬೇಕಾಗಿ ಬರಬಹುದು ಎಂದು. ಇದು ಖಚಿತ ಬುಕಿಂಗ್ ಅಲ್ಲ. ಹುತ್ತರಿ ಸಮಯದಲ್ಲೋ ಡಿಸೆಂಬರ್ ಕೊನೆಯ ವಾರದಲ್ಲೋ ಹೀಗೆ ಹೇಳಿದವರಿಗೆ ‘ಹ್ಯಾಪಿ ಟು ಪೆನ್ಸಿಲ್ ಯು ಇನ್ ಟಿಲ್ ಮಂಡೇ. ಆಫ್ಟರ್ ದಟ್ ಐಲ್ ನೀಡ್ ಆ್ಯನ್ ಅಡ್ವಾನ್ಸ್’ ಎಂದು ಅವರ ಮಾತಿನಲ್ಲೇ ಉತ್ತರ ಕೊಡಿ. ‘ಲೆಟ್ಸ್ ಲಾಕ್ ಇಟ್ ಇನ್’ ಅಂದಾಗ ಮಾತ್ರ ಅವರ ಕಡೆಯಿಂದ ಗಟ್ಟಿಯಾಯಿತು. ‘ನಥಿಂಗ್ಸ್ ಸೆಟ್ ಇನ್ ಸ್ಟೋನ್’ ಎಂದರೆ ಬದಲಾವಣೆಗೆ ಇನ್ನೂ ಅವಕಾಶವಿದೆ.

ರದ್ದು ಮಾಡುವಾಗ ಬರುವ ಮಾತುಗಳು ಬೇರೆ. ‘ಸಮ್‌ಥಿಂಗ್ಸ್ ಕಮ್ ಅಪ್’ ಅಂದರೆ ಏನೋ ಅಡ್ಡಿ ಬಂತು, ಕಾರಣ ಹೇಳುವ ಮನಸ್ಸಿಲ್ಲ ಎಂದೇ ಅರ್ಥ. ‘ವಾಟ್ ಕೇಮ್ ಅಪ್?’ ಎಂದು ಕೇಳಬೇಡಿ. ನಮ್ಮಲ್ಲಿ ಅದು ಕಾಳಜಿ, ಅವರಿಗೆ ಅದು ಕೆದಕುವುದು. ‘ಅವರ್ ಪ್ಲ್ಯಾನ್ ಫೆಲ್ ಥ್ರೂ’ ಅಂದರೆ ಕಾರ್ಯಕ್ರಮ ಮುರಿದುಬಿತ್ತು. ‘ಜಸ್ಟ್ ಎ ಹೆಡ್ಸ್ ಅಪ್’ ಎಂದು ಶುರುವಾಗುವ ವಾಟ್ಸ್ಆ್ಯಪ್ ಸಂದೇಶ ಬಂದರೆ ಹೆದರಬೇಡಿ, ‘ಮುಂಚೆಯೇ ತಿಳಿಸಿರುತ್ತೇನೆ’ ಅಂತ. ‘ವಿ ಗಾಟ್ ಹೆಲ್ಡ್ ಅಪ್’ ಅಂದರೆ ದಾರಿಯಲ್ಲಿ ತಡವಾಯಿತು, ಬಹುತೇಕ ಸಲ ಕುಶಾಲನಗರದ ಟ್ರಾಫಿಕ್ಕು.

ಕನ್ನಡದವರು ತಪ್ಪದೆ ಎಡವುವ ಜಾಗ ಇನ್ನೊಂದಿದೆ. ‘ಕ್ಯಾನ್ ವಿ ಪುಶ್ ಇಟ್ ಬ್ಯಾಕ್ ಬೈ ಎ ಡೇ?’ ಎಂದು ಹದಿನಾಲ್ಕನೇ ತಾರೀಖಿನ ಬುಕಿಂಗ್ ಬಗ್ಗೆ ಕೇಳಿದರೆ ಅವರಿಗೆ ಬೇಕಾಗಿರುವುದು ಹದಿನೈದು. ‘ಬ್ಯಾಕ್’ ಎಂದು ಕೇಳಿದ ಕೂಡಲೇ ನಾವು ಒಂದು ದಿನ ಹಿಂದಕ್ಕೆ, ಹದಿಮೂರಕ್ಕೆ ಹೋಗುತ್ತೇವೆ. ಹದಿಮೂರು ಬೇಕಾದವರು ‘ಬ್ರಿಂಗ್ ಇಟ್ ಫಾರ್ವರ್ಡ್’ ಅನ್ನುತ್ತಾರೆ. ನಾವು ಸಲೀಸಾಗಿ ಬಳಸುವ ‘ಪ್ರೀಪೋನ್’ ಭಾರತದ ಪದ. ಬೆಂಗಳೂರಿನ ಅತಿಥಿಗೆ ನಡೆಯುತ್ತದೆ, ಹೊರದೇಶದವರು ಒಂದು ಕ್ಷಣ ತಡವರಿಸುತ್ತಾರೆ. ‘ಮೂವ್ ಇಟ್ ಬ್ಯಾಕ್’ ಎಂಬುದಂತೂ ಇಂಗ್ಲಿಷಿನವರನ್ನೇ ಗೊಂದಲಕ್ಕೆ ಕೆಡವುತ್ತದೆ. ಪರಿಹಾರ ಒಂದೇ: ತಾರೀಖನ್ನು ತಿರುಗಿಸಿ ಹೇಳಿ. ‘ಸೋ ದಟ್ಸ್ ದ ಫಿಫ್ಟೀನ್ತ್, ರೈಟ್?’

ಗಂಟೆಯಲ್ಲೂ ಇಂಥದೇ. ಬ್ರಿಟನ್ನಿನವರು ‘ಡಿನ್ನರ್ ಅಟ್ ಹಾಫ್ ಸೆವೆನ್’ ಅಂದರೆ ಏಳೂವರೆ, ‘ಹಾಫ್ ಪಾಸ್ಟ್ ಸೆವೆನ್’ ಎಂಬುದರ ಮೊಟಕು. ಜರ್ಮನ್ ಭಾಷೆಯಲ್ಲಿ ಇದೇ ರೂಪದ ಮಾತಿಗೆ ಆರೂವರೆ ಎಂದರ್ಥ, ಹಾಗಾಗಿ ಜರ್ಮನಿಯ ಅತಿಥಿಯೊಬ್ಬರು ಹಾಗೆ ಅಂದರೆ ಅಂಕಿಯಲ್ಲೇ ಕೇಳಿ: ‘ಸೆವೆನ್ ಥರ್ಟಿ?’ ಅಮೆರಿಕದವರ ‘ಕ್ವಾರ್ಟರ್ ಆಫ್ ಟೆನ್’ ಒಂಬತ್ತು ಮುಕ್ಕಾಲು.

ಊಟದ ಮೇಜು

ಇಲ್ಲಿ ‘ಹೂಂ’ ಯಾವುದು, ‘ಬೇಡ’ ಯಾವುದು ಎಂದು ತಿಳಿಯುವುದೇ ಅರ್ಧ ವಿದ್ಯೆ. ಇನ್ನೆರಡು ಕಡಂಬುಟ್ಟು ಹಾಕಲೇ ಎಂದು ಕೇಳಿದಾಗ ‘ಐಮ್ ಗುಡ್’ ಅಂದರೆ ಬೇಡ. ‘ಐಮ್ ಫೈನ್, ಥ್ಯಾಂಕ್ಸ್’ ಅಂದರೂ ಬೇಡ. ‘ಐಮ್ ಸ್ಟಫ್ಡ್’ ಅಂದರೆ ಹೊಟ್ಟೆ ಬಿರಿಯುವಷ್ಟಾಗಿದೆ. ‘ಐ ವುಡಂಟ್ ಸೇ ನೋ’ ಅಂದರೆ ಮಾತ್ರ ಬೇಕು! ‘ನೋ’ ಕಿವಿಗೆ ಬಿತ್ತೆಂದು ಪಾತ್ರೆ ಎತ್ತಿಕೊಂಡು ಹೋಗಬೇಡಿ. ‘ಡೋಂಟ್ ಮೈಂಡ್ ಇಫ್ ಐ ಡೂ’ ಅಂದರೂ ಬೇಕು. ನಮ್ಮ ಕಡೆಯವರು ಮೂರು ಸಲ ಒತ್ತಾಯ ಮಾಡಿದ ಮೇಲೆ ಬಡಿಸಿಕೊಳ್ಳುತ್ತಾರೆ. ಇವರು ಮೊದಲ ಸಲ ಹೇಳಿದ್ದೇ ಕೊನೆಯ ಮಾತು.

‘ಡು ಯು ಮೈಂಡ್’ ಪ್ರಶ್ನೆ ಇನ್ನೂ ತಿರುವುಮುರುವು. ‘ಡು ಯು ಮೈಂಡ್ ಇಫ್ ಐ ಸ್ಮೋಕ್ ಹಿಯರ್?’ ಅಂದರೆ ‘ಇಲ್ಲಿ ಸಿಗರೇಟು ಸೇದಿದರೆ ನಿಮಗೆ ಬೇಸರವೇ?’ ಎಂದು. ಒಪ್ಪಿಗೆ ಕೊಡಲು ‘ಯೆಸ್ ಯೆಸ್’ ಅಂದರೆ ‘ಹೌದು, ಬೇಸರವೇ’ ಎಂದಾಗುತ್ತದೆ. ಒಪ್ಪಿಗೆಯಿದ್ದರೆ ‘ನಾಟ್ ಅಟ್ ಆಲ್, ಗೋ ಅಹೆಡ್’. ಒಪ್ಪಿಗೆಯಿಲ್ಲದಿದ್ದರೆ ‘ಐಡ್ ರಾದರ್ ಯು ಡಿಡಂಟ್’. ಎರಡನೆಯದು ಮೆತ್ತಗೆ ಕೇಳಿದರೂ ಖಡಾಖಂಡಿತ ನಿರಾಕರಣೆ, ಧೈರ್ಯವಾಗಿ ಬಳಸಿ.

ರುಚಿಯ ಬಗ್ಗೆ: ‘ದಿಸ್ ಹಿಟ್ಸ್ ದ ಸ್ಪಾಟ್’ ಅಂದರೆ ಈ ಹೊತ್ತಿಗೆ ಇದೇ ಬೇಕಿತ್ತು ಎಂದು, ಮಳೆಯಲ್ಲಿ ನೆನೆದು ಬಂದವರಿಗೆ ಬಿಸಿ ಕಾಫಿ ಕೊಟ್ಟರೆ ಕೇಳಬಹುದು. ‘ಇಟ್ಸ್ ಗಾಟ್ ಎ ಕಿಕ್’ ಅಂದರೆ ಪಂದಿಕರಿಯ ಕಾಳುಮೆಣಸು ನಾಲಿಗೆಗೆ ಹತ್ತಿದೆ. ಸಾಮಾನ್ಯವಾಗಿ ಮೆಚ್ಚುಗೆಯೇ, ಆದರೂ ಮೊಸರೋ ನೀರೋ ಹತ್ತಿರ ಇಡಿ. ‘ಟು ಡೈ ಫಾರ್’ ಅಂದರೆ ಅತಿ ರುಚಿ. ‘ಇಟ್ಸ್ ಆ್ಯನ್ ಅಕ್ವಯರ್ಡ್ ಟೇಸ್ಟ್’ ಎಂದು ಕಣಿಲೆ ಪಲ್ಯ ತಿಂದು ಹೇಳಿದರೆ ಹಿಗ್ಗಬೇಡಿ. ತಿಂದು ತಿಂದು ರೂಢಿಯಾಗಬೇಕಾದ ರುಚಿ, ನನಗೆ ಇನ್ನೂ ಆಗಿಲ್ಲ ಎಂಬ ಸಭ್ಯ ಮಾತು. ‘ನಾಟ್ ಮೈ ಕಪ್ ಆಫ್ ಟೀ’ ಎಂಬುದಕ್ಕೆ ಚಹಾದ ಸಂಬಂಧವಿಲ್ಲ, ‘ನನಗೆ ಹಿಡಿಸುವಂಥದ್ದಲ್ಲ’ ಎಂದಷ್ಟೇ. ಊಟಕ್ಕೂ ಹೇಳುತ್ತಾರೆ, ಚಾರಣಕ್ಕೂ ಹೇಳುತ್ತಾರೆ. ಬ್ರಿಟನ್ನಿನವರ ‘ಕ್ವೈಟ್ ಗುಡ್’ ಎಷ್ಟೋ ಸಲ ‘ಪರವಾಗಿಲ್ಲ’ದ ಮಟ್ಟದ್ದು, ಅದೇ ಅವರ ‘ನಾಟ್ ಬ್ಯಾಡ್ ಅಟ್ ಆಲ್’ ನಿಜವಾದ ಹೊಗಳಿಕೆ. ಅಮೆರಿಕದವರ ‘ಕ್ವೈಟ್ ಗುಡ್’ಗೆ ಮಾತ್ರ ಮುಖಬೆಲೆ ಕೊಡಬಹುದು.

ರಾತ್ರಿ ಊಟಕ್ಕೆ ನಮ್ಮ ಜೊತೆ ಕೂತುಕೊಳ್ಳಿ ಎಂದು ಕರೆದಾಗ ‘ಕ್ಯಾನ್ ವಿ ಟೇಕ್ ಎ ರೇನ್ ಚೆಕ್?’ ಅಂದರೆ ಮಳೆ ಬರುತ್ತದೋ ಎಂದು ನೋಡಲು ಅಂಗಳಕ್ಕೆ ಇಳಿಯಬೇಡಿ. ಇವತ್ತು ಬೇಡ, ಇನ್ನೊಮ್ಮೆ ಆಗಲಿ ಎಂಬ ನಯವಾದ ನಿರಾಕರಣೆ ಅದು. ಅಮೆರಿಕದ ಬೇಸ್‌ಬಾಲ್ ಪಂದ್ಯ ಮಳೆಗೆ ನಿಂತುಹೋದಾಗ ಪ್ರೇಕ್ಷಕರಿಗೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿಯಿಂದ ಬಂದದ್ದು, 1880ರ ದಶಕದ ರೂಢಿ. ‘ಶ್ಯೂರ್, ಸಮ್ ಅದರ್ ಟೈಮ್’ ಅಂದರೆ ಮುಗಿಯಿತು.

ದುಡ್ಡಿನ ವಿಷಯಕ್ಕೆ ಐದಾರು ಸಾಕು. ‘ಆನ್ ದ ಹೌಸ್’ ಅಂದರೆ ಉಚಿತ, ನಿಮ್ಮ ಕಡೆಯಿಂದ. ಮೊದಲ ಕಾಫಿ ಹಾಗೆ ಕೊಡುವುದಾದರೆ ‘ದ ಫಸ್ಟ್ ಕಾಫೀ ಈಸ್ ಆನ್ ದ ಹೌಸ್’ ಎಂದು ಪೂರ್ತಿ ಹೇಳಿ, ಇಲ್ಲವಾದರೆ ಹೊರಡುವ ದಿನದವರೆಗಿನ ಎಲ್ಲ ಕಾಫಿಯೂ ಅದರಲ್ಲಿ ಸೇರಿಬಿಡುತ್ತದೆ. ‘ಪುಟ್ ಇಟ್ ಆನ್ ಅವರ್ ಟ್ಯಾಬ್’ ಅಂದರೆ ಲೆಕ್ಕಕ್ಕೆ ಬರೆದುಕೊಳ್ಳಿ, ‘ಸೆಟಲ್ ಅಪ್’ ಅಂದರೆ ಲೆಕ್ಕ ಚುಕ್ತಾ ಮಾಡುವುದು. ನಿಮ್ಮ ಕಾಳುಮೆಣಸಿನ ಪೊಟ್ಟಣದ ಬೆಲೆ ಕೇಳಿ ‘ದಟ್ಸ್ ಎ ಸ್ಟೀಲ್!’ ಅಂದರೆ ಕಳ್ಳತನದ ಆರೋಪವಲ್ಲ, ಭಾರಿ ಅಗ್ಗವಾಯಿತು ಎಂಬ ಸಂತೋಷ. ‘ರಿಪ್-ಆಫ್’ ಅಂದರೆ ಮಾತ್ರ ಸುಲಿಗೆ. ‘ಎ ಬಿಟ್ ಆನ್ ದ ಪ್ರೈಸೀ ಸೈಡ್’ ಅದರ ಮೆತ್ತನೆಯ ರೂಪ, ಚೌಕಾಸಿಯ ಪೀಠಿಕೆ.

ದೂರು, ಕಾಯಿಲೆ

ದೂರುಗಳು ದೂರಿನಂತೆ ಕೇಳಿಸುವುದಿಲ್ಲ ಎಂಬುದೇ ಕಷ್ಟ. ‘ದ ಬಾತ್‌ರೂಮ್ ಕುಡ್ ಡೂ ವಿತ್ ಎ ಕ್ಲೀನ್’ ಎಂಬುದನ್ನು ‘ಮಾಡಬಹುದಿತ್ತು’ ಎಂಬ ಸಲಹೆಯಂತೆ ಕೇಳಬೇಡಿ. ಬಾತ್‌ರೂಮು ಕೊಳಕಾಗಿದೆ, ಈಗಲೇ ತೊಳೆಸಿ ಎಂದೇ ಅದರರ್ಥ. ‘ಇಟ್ಸ್ ನಾಟ್ ಐಡಿಯಲ್’ ಅಂದರೆ ಚೆನ್ನಾಗಿಲ್ಲ. ‘ಐಮ್ ನಾಟ್ ಬೀಯಿಂಗ್ ಫನಿ, ಬಟ್...’ ಎಂದು ಶುರುಮಾಡಿದರೆ ಮುಂದೆ ಆಕ್ಷೇಪಣೆ ಬರುತ್ತದೆ, ನಗಲು ತಯಾರಾಗಬೇಡಿ.

ಕಾಯಿಲೆಯ ಮಾತುಗಳನ್ನು ಮಾತ್ರ ಒಂದೂ ಬಿಡದೆ ಕಲಿಯಿರಿ. ಆಸ್ಪತ್ರೆ ದೂರವಿರುವ ಊರಿನಲ್ಲಿ ಅರ್ಧ ಗಂಟೆಗೂ ಬೆಲೆಯಿದೆ. ‘ಐಮ್ ಫೀಲಿಂಗ್ ಅಂಡರ್ ದ ವೆದರ್’ ಅಂದರೆ ಮೈಗೆ ಸರಿಯಿಲ್ಲ. ಹವಾಮಾನದ ಬಗ್ಗೆ ಏನೂ ಹೇಳಿಲ್ಲ, ಹೊರಗೆ ಬಿಸಿಲಿದ್ದರೂ ಹೀಗೇ ಹೇಳುತ್ತಾರೆ. ‘ಐ ಫೀಲ್ ಫನಿ’ ಅಂದರೆ ಒಂಥರಾ ಆಗುತ್ತಿದೆ. ‘ಪಿಕ್ಡ್ ಅಪ್ ಎ ಬಗ್’ ಎಂದರೆ ಹುಳು ಹಿಡಿದದ್ದಲ್ಲ, ಸೋಂಕು ತಗಲಿದೆ. ‘ಟಮೀ ಬಗ್’ ಹೊಟ್ಟೆಯದು. ‘ದ ರನ್ಸ್’ ಅಂದರೆ ಭೇದಿ. ‘ಷಿ ಥ್ರೂ ಅಪ್ ಆನ್ ದ ವೇ’ ಅಂದರೆ ಘಾಟಿಯಲ್ಲಿ ವಾಂತಿ ಮಾಡಿಕೊಂಡಳು. ‘ಹಿ ಪಾಸ್ಡ್ ಔಟ್’ ಅಂದರೆ ಪ್ರಜ್ಞೆ ತಪ್ಪಿದೆ, ತಕ್ಷಣ ಓಡಿ. ಕಾಲೇಜು ಮುಗಿಸಿದ್ದನ್ನು ನಾವು ‘ಐ ಪಾಸ್ಡ್ ಔಟ್ ಇನ್ 2012’ ಅನ್ನುತ್ತೇವಲ್ಲ, ಹೊರದೇಶದವರ ಕಿವಿಗೆ ಅದು ಮೂರ್ಛೆಯಂತೆಯೇ ಕೇಳುತ್ತದೆ. ‘ಗ್ರ್ಯಾಜುಯೇಟೆಡ್’ ಅಥವಾ ‘ಫಿನಿಶ್ಡ್ ಪಿಯುಸಿ’ ಅನ್ನಿ. ಸೇನೆಯ ‘ಪಾಸಿಂಗ್ ಔಟ್ ಪೆರೇಡ್’ ಬ್ರಿಟಿಷ್ ಇಂಗ್ಲಿಷಿನಲ್ಲೂ ಸರಿಯಾದ ಬಳಕೆ, ನಿಮ್ಮ ಮಾವ ಅದನ್ನು ಹಾಗೇ ಹೇಳಲಿ.

ನಿಮ್ಮ ಬಾಯಿಗೆ ಬೇಕಾದವು

ಬಣ್ಣದವನ್ನು ಬಿಟ್ಟು ಸಣ್ಣಪುಟ್ಟವನ್ನು ಆರಿಸಿ. ಬಂದವರಿಗೆ ‘ಮೇಕ್ ಯುವರ್‌ಸೆಲ್ವ್ಸ್ ಅಟ್ ಹೋಮ್’, ತಿಂಡಿ ಮುಂದಿಟ್ಟು ‘ಹೆಲ್ಪ್ ಯುವರ್‌ಸೆಲ್ಫ್’, ಪಾಚಿಗಟ್ಟಿದ ಮೆಟ್ಟಿಲಿನ ಹತ್ತಿರ ‘ವಾಚ್ ಯುವರ್ ಸ್ಟೆಪ್’, ತಗ್ಗಿನ ಬಾಗಿಲಲ್ಲಿ ‘ಮೈಂಡ್ ಯುವರ್ ಹೆಡ್’. ಐದು ನಿಮಿಷ ಕಾಯಿಸಬೇಕಾದರೆ ‘ಬೇರ್ ವಿತ್ ಮಿ’. ಬಿಯರ್ ಎಂದು ಕೇಳದಂತೆ ಸ್ವರ ಎಳೆದು ಹೇಳಿ. ಮರೆತದ್ದಕ್ಕೆ ‘ಸಾರಿ, ಇಟ್ ಸ್ಲಿಪ್ಡ್ ಮೈ ಮೈಂಡ್’. ವಿಚಾರಿಸಿ ಹೇಳುವುದಾದರೆ ‘ಲೆಟ್ ಮಿ ಲುಕ್ ಇಂಟು ಇಟ್’.

ಕೆಟ್ಟ ಸುದ್ದಿಗೆ ‘ಐಮ್ ಅಫ್ರೇಡ್’ ನಿಮ್ಮ ಬಲಗೈ ಬಂಟ. ಇದರಲ್ಲಿ ಭಯದ ಮಾತೇ ಇಲ್ಲ, ‘ಹೇಳಲು ಬೇಸರ, ಆದರೆ...’ ಎಂಬ ದನಿ. ‘ಐಮ್ ಅಫ್ರೇಡ್ ದ ನೆಟ್‌ವರ್ಕ್ ಈಸ್ ಹಿಟ್ ಆರ್ ಮಿಸ್ ಹಿಯರ್’ ಅಂದರೆ ಇಲ್ಲಿ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ‘ಕರೆಂಟ್ ಹ್ಯಾಸ್ ಗಾನ್’ ಬದಲು ‘ದ ಪವರ್ಸ್ ಔಟ್’. ಮೈಸೂರಿಂದ ಮಡಿಕೇರಿಗೆ ಎಷ್ಟು ಹೊತ್ತು ಅಂದರೆ ‘ತ್ರೀ ಅವರ್ಸ್, ಗಿವ್ ಆರ್ ಟೇಕ್’, ಅಂದರೆ ಸ್ವಲ್ಪ ಹೆಚ್ಚುಕಮ್ಮಿ. ನಕ್ಷೆಯಲ್ಲಿ ಹತ್ತಿರ ಕಂಡು ಇಷ್ಟು ಹೊತ್ತೇಕೆ ಎಂದು ಕೇಳುವವರಿಗೆ ‘ಇಟ್ಸ್ ಕ್ಲೋಸ್ ಆ್ಯಸ್ ದ ಕ್ರೋ ಫ್ಲೈಸ್, ಬಟ್ ದ ರೋಡ್ ವೈಂಡ್ಸ್’ (ಕಾಗೆ ಹಾರುವ ನೇರ ದಾರಿಯಲ್ಲಿ ಹತ್ತಿರ, ರಸ್ತೆ ಮಾತ್ರ ಸುತ್ತಿಬರುತ್ತದೆ) ಎಂದರೆ ಘಾಟಿಯ ತಿರುವುಗಳೆಲ್ಲ ಒಂದೇ ವಾಕ್ಯದಲ್ಲಿ ಬಂದವು. ತಡಿಯಂಡಮೋಳಿಗೆ ಹೊರಟವರಿಗೆ, ಅದು 1748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ, ‘ಕ್ಯಾರಿ ಎ ರೇನ್‌ಕೋಟ್, ಜಸ್ಟ್ ಇನ್ ಕೇಸ್’ ಅನ್ನಿ. ಜಿಗಣೆಗೆ ಉಪ್ಪಿನ ಪೊಟ್ಟಣ ಕೊಡುವಾಗಲೂ ಇದೇ ‘ಜಸ್ಟ್ ಇನ್ ಕೇಸ್’. ಮಂಜು ನೋಡಿಕೊಂಡು ಬೆಳಿಗ್ಗೆ ತೀರ್ಮಾನಿಸೋಣ ಎನ್ನಲು ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’.

ಕಾಫಿ ತೋಟದವರು ಬಲು ಇಷ್ಟಪಟ್ಟು ಗೋಡೆಗೆ ಬರೆಸುವ ಒಂದು ವಾಕ್ಯದ ಬಗ್ಗೆ ಎಚ್ಚರ. ‘ವೇಕ್ ಅಪ್ ಆ್ಯಂಡ್ ಸ್ಮೆಲ್ ದ ಕಾಫೀ’ ಫಲಕದಲ್ಲಿದ್ದರೆ ಚಂದ, ಎಲ್ಲರಿಗೂ ತಮಾಷೆ ತಿಳಿಯುತ್ತದೆ. ಅದನ್ನೇ ಬೆಳಿಗ್ಗೆ ಒಬ್ಬರ ಮುಖ ನೋಡಿ ಹೇಳಿದರೆ ‘ಕಣ್ಣು ಬಿಟ್ಟು ವಾಸ್ತವ ನೋಡು’ ಎಂಬ ಗದರಿಕೆ. ‘ಸ್ಪಿಲ್ ದ ಬೀನ್ಸ್’ ಅಂದರೆ ಗುಟ್ಟು ಬಿಡುವುದು, ಕಣದಲ್ಲಿ ಕಾಫಿ ಚೆಲ್ಲಿದ್ದಕ್ಕೆ ಬರುವುದಿಲ್ಲ. ‘ಕಿಕ್ ದ ಬಕೆಟ್’ ಪುಸ್ತಕದಲ್ಲಿ ‘ಸಾಯುವುದು’ ಎಂದಷ್ಟೇ ಇರುತ್ತದೆ. ಅದು ಲಘುವಾದ ಮಾತು, ಸಾವಿನ ಮನೆಯವರ ಮುಂದೆ ಎಂದೂ ಬೇಡ. ‘ಪಾಸ್ಡ್ ಅವೇ’ ಎನ್ನಿ.

ಕನ್ನಡದಿಂದ ನೇರ ಇಳಿದ ಮಾತುಗಳೂ ಕೆಲವಿವೆ. ‘ಐ ವಿಲ್ ಗೋ ಆ್ಯಂಡ್ ಕಮ್’ ಎಂದು ಬೀಳ್ಕೊಡುವಾಗ ಹೇಳಿದರೆ ನೀವು ಈಗಲೇ ವಾಪಸು ಬರುತ್ತೀರೆಂದು ಅತಿಥಿ ಕಾಯುತ್ತಾರೆ. ‘ಸುಮ್ಮನೆ ಬಂದೆ’ ಎಂಬುದು ‘ಸಿಂಪ್ಲಿ ಐ ಕೇಮ್’ ಆಗುವುದಿಲ್ಲ, ‘ಐ ಜಸ್ಟ್ ಡ್ರಾಪ್ಡ್ ಬೈ’ ಆಗುತ್ತದೆ. ‘ಇಲ್ಲೇ ಇದ್ದೀನಿ’ಗೆ ‘ಐಮ್ ಹಿಯರ್ ಓನ್ಲಿ’ ಬೇಡ, ‘ಐಮ್ ರೈಟ್ ಹಿಯರ್’. ರಾತ್ರಿ ತಡವಾಗಿ ಮಲಗಿದ್ದನ್ನು ‘ಐ ಸ್ಲೆಪ್ಟ್ ಲೇಟ್’ ಅಂದರೆ ಬೆಳಿಗ್ಗೆ ತಡವಾಗಿ ಎದ್ದಿರೆಂದು ತಿಳಿಯುತ್ತಾರೆ. ‘ಐ ವೆಂಟ್ ಟು ಬೆಡ್ ಲೇಟ್’ ಎನ್ನಿ. ಅತಿಥಿ ‘ವಿಲ್ ಸ್ಲೀಪ್ ಇನ್ ಟುಮಾರೋ’ ಅಂದರೆ ನಾಳೆ ಬೇಕೆಂದೇ ತಡವಾಗಿ ಏಳುತ್ತೇವೆ, ಎಂಟಕ್ಕೆ ನೂಪುಟ್ಟು ಬಿಸಿ ಮಾಡಬೇಡಿ ಎಂದು.

ಕಲಿಯುವ ಬಗೆ

ನುಡಿಗಟ್ಟನ್ನು ಒಡೆಯದೆ ಇಡಿಯಾಗಿ ಕಲಿಯಿರಿ. ‘ಕಾಲ್ ಇಟ್ ಎ ಡೇ’ ಅಂದರೆ ಇವತ್ತಿನ ಕೆಲಸ ಇಲ್ಲಿಗೆ ನಿಲ್ಲಿಸೋಣ. ಇದರಲ್ಲಿ ಕಾಲ ಬದಲಾಗುತ್ತದೆ (‘ಕಾಲ್ಡ್ ಇಟ್ ಎ ಡೇ’), ರಾತ್ರಿಗೆ ‘ಕಾಲ್ ಇಟ್ ಎ ನೈಟ್’ ಇದೆ. ಆದರೆ ‘ಕಾಲ್ ಇಟ್ ಡೇ’ ಇಲ್ಲ, ‘ಕಾಲ್ ದಿಸ್ ಎ ಡೇ’ ಇಲ್ಲ. ನಮ್ಮವರು ಮೊದಲು ಬೀಳಿಸುವುದು ಆ ‘ಎ’, ‘ದ’ಗಳನ್ನೇ, ಯಾಕೆಂದರೆ ಕನ್ನಡದಲ್ಲಿ ಅವಕ್ಕೆ ಜೋಡಿಯಿಲ್ಲ. ‘ಅಂಡರ್ ವೆದರ್’, ‘ಆನ್ ಹೌಸ್’ ಎಂದರೆ ಅತಿಥಿಗೆ ಅರ್ಥವಾಗಬಹುದು, ನುಡಿಗಟ್ಟು ಮಾತ್ರ ಕುಂಟುತ್ತದೆ. ಆದ್ದರಿಂದ ಬರೆದುಕೊಳ್ಳುವಾಗ ಆ ಚಿಕ್ಕ ಪದದ ಕೆಳಗೆ ಗೆರೆ ಎಳೆಯಿರಿ. ಯಾವ ಪದ ಬದಲಾಗಬಹುದೋ ಅದರ ಮೇಲೊಂದು ಚುಕ್ಕಿ ಇಡಿ.

ಕೇಳಿಸುವುದು ಬೇರೆ ಸಮಸ್ಯೆ. ಬರೆದಾಗ ನಾಲ್ಕು ಪದ, ಬಾಯಲ್ಲಿ ಒಂದೇ. ‘ಕಾಲ್ ಇಟ್ ಎ ಡೇ’ ವೇಗದಲ್ಲಿ ‘ಕಾಲಿಟಡೇ’, ಅಮೆರಿಕದವರಲ್ಲಿ ‘ಕಾಲಿಡಡೇ’. ‘ಪೀಸ್ ಆಫ್ ಕೇಕ್’ (ಬಲು ಸುಲಭ ಎಂದು) ‘ಪೀಸಕೇಕ್’ ಆಗುತ್ತದೆ. ಇಂಥವುಗಳಲ್ಲಿ ಒತ್ತು ಹೆಚ್ಚಾಗಿ ಕೊನೆಯ ಮುಖ್ಯ ಪದದ ಮೇಲೆ ಬೀಳುತ್ತದೆ: ಡೇ, ಕೇಕ್, ಇಯರ್. ಮೊದಲು ಆ ಒತ್ತಿನ ಪದ ಹಿಡಿಯಿರಿ, ಉಳಿದದ್ದು ಹಿಂದಿನಿಂದ ಕೂಡಿಕೊಳ್ಳುತ್ತದೆ. ಯೂಗ್ಲಿಷ್ ಎಂಬ ಜಾಲತಾಣದಲ್ಲಿ ನುಡಿಗಟ್ಟು ಟೈಪ್ ಮಾಡಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಜನ ಅದನ್ನು ಹೇಳಿದ ಕ್ಷಣವನ್ನೇ ಒಂದಾದ ಮೇಲೊಂದು ತೋರಿಸುತ್ತದೆ, ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ಬೇರೆಬೇರೆಯಾಗಿ. ಐದು ಕೇಳಿ, ಆರನೆಯದರ ಜೊತೆ ನೀವೂ ಹೇಳಿ. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಲಾಗದು, ಹಾಗಾಗಿ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಚಿಕ್ಕ ಆಡಿಯೊಗಳನ್ನು, ಒಂದರಲ್ಲಿ ಒಂದೇ ನುಡಿಗಟ್ಟು ಹೇಳಿಕೊಡುವಂಥವನ್ನು, ಸಿಗ್ನಲ್ ಇದ್ದಾಗ ಇಳಿಸಿಟ್ಟುಕೊಳ್ಳಿ.

ವಾರಕ್ಕೆ ಐದು, ಹೆಚ್ಚು ಬೇಡ. ಅಂಗೈ ಅಗಲದ ರಟ್ಟಿನ ಚೀಟಿ ಸಾಕು. ಮುಂಬದಿಯಲ್ಲಿ ನುಡಿಗಟ್ಟಿನ ಅರ್ಥ ಬರೆಯಬೇಡಿ, ಸಂದರ್ಭ ಬರೆಯಿರಿ: ‘ರಾತ್ರಿ ಎಂಟು. ಅತಿಥಿಗಳು ದಣಿದಿದ್ದಾರೆ. ಊಟಕ್ಕೆ ಕರೆದರೆ ಇನ್ನೊಂದು ದಿನ ಅನ್ನುತ್ತಿದ್ದಾರೆ.’ ಹಿಂಬದಿಯಲ್ಲಿ ಪೂರ್ತಿ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ನಿಮ್ಮ ಉತ್ತರದ ವಾಕ್ಯ. ಅರ್ಥಕ್ಕೆ ಅರ್ಥ ಜೋಡಿಸಿ ಕಲಿತದ್ದು ಚೀಟಿ ನೋಡಿದಾಗ ಮಾತ್ರ ನೆನಪಾಗುತ್ತದೆ. ಸಂದರ್ಭಕ್ಕೆ ಕಟ್ಟಿದ್ದು ಆ ಸಂದರ್ಭ ಬಂದಾಗ ತಾನೇ ಏಳುತ್ತದೆ. ಬರೆದ ಮರುದಿನ ಒಮ್ಮೆ, ಮೂರನೇ ದಿನ ಒಮ್ಮೆ, ವಾರ ಕಳೆದ ಮೇಲೊಮ್ಮೆ, ಮೂರು ವಾರ ಕಳೆದ ಮೇಲೊಮ್ಮೆ ನೋಡಿ. ನಾಲ್ಕೂ ಸಲ ತಡವರಿಸದೆ ಬಂದದ್ದನ್ನು ಕಟ್ಟಿನಿಂದ ತೆಗೆಯಿರಿ. ಫೋನಿನಲ್ಲೇ ಬೇಕಾದರೆ ಆ್ಯಂಕಿಡ್ರಾಯ್ಡ್ ಎಂಬ ಉಚಿತ ಆ್ಯಪ್ ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಸಾವಿರದ ಪುಸ್ತಕ ಎಸೆಯಬೇಡಿ. ಅದರಲ್ಲಿ ಕಂಡದ್ದನ್ನು ಚೀಟಿಗೆ ಹಾಕುವ ಮುಂಚೆ ಕೇಂಬ್ರಿಜ್ ಅಥವಾ ಆಕ್ಸ್‌ಫರ್ಡ್‌ನ ಕಲಿಯುವವರ ನಿಘಂಟಿನಲ್ಲಿ, ಎರಡೂ ಜಾಲದಲ್ಲಿ ಉಚಿತ, ಒಮ್ಮೆ ತೆಗೆದು ನೋಡಿ. ಅರ್ಥಕ್ಕಿಂತ ಮೊದಲು ಪಕ್ಕದ ಗುರುತು ಓದಿ: ಹಳೆಯದು, ಅನೌಪಚಾರಿಕ, ತಮಾಷೆಯದು, ಅವಮಾನಕರ, ಬ್ರಿಟಿಷ್, ಅಮೆರಿಕನ್. ಹಳೆಯದು ಅಥವಾ ಅವಮಾನಕರ ಎಂದಿದ್ದರೆ ಹೇಳುವ ರಾಶಿಗೆ ಬರಕೂಡದು.

ಇಷ್ಟಾದರೂ ಗೊತ್ತಿಲ್ಲದ್ದು ಬಂದೇ ಬರುತ್ತದೆ. ಆಗ ತಲೆಯಾಡಿಸಿ ನಗುವುದೇ ಅತಿ ದೊಡ್ಡ ತಪ್ಪು, ಯಾಕೆಂದರೆ ಅವರು ಒಪ್ಪಿಗೆ ಎಂದುಕೊಂಡು ಮುಂದೆ ಹೋಗುತ್ತಾರೆ. ಕೇಳಿಸದಿದ್ದರೆ ‘ಸಾರಿ, ಐ ಡಿಡಂಟ್ ಕ್ಯಾಚ್ ದಟ್’. ಕೇಳಿಸಿಯೂ ಅರ್ಥವಾಗದಿದ್ದರೆ ‘ಐ ಹ್ಯಾವಂಟ್ ಹರ್ಡ್ ದಟ್ ಒನ್. ವಾಟ್ ಡಸ್ ಇಟ್ ಮೀನ್?’ ಇದನ್ನು ಕೇಳಿ ಬೇಸರಪಟ್ಟ ಅತಿಥಿ ಸಿಗುವುದು ಕಷ್ಟ, ತಮ್ಮ ಭಾಷೆ ಹೇಳಿಕೊಡುವುದು ಎಲ್ಲರಿಗೂ ಇಷ್ಟ. ಅರ್ಥ ಊಹೆಯಾದರೆ ಸರಳ ಮಾತಿನಲ್ಲಿ ತಿರುಗಿ ಹೇಳಿ: ‘ಸೋ ಯು ವಿಲ್ ಡಿಸೈಡ್ ಇನ್ ದ ಮಾರ್ನಿಂಗ್, ರೈಟ್?’ ಊಹೆ ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಇನ್ನು ನಿಮ್ಮ ಮಾವನವರ ವಿಷಯ. ಸೇನೆಯಲ್ಲಿದ್ದವರ, ಹಳೆಯ ಪ್ಲಾಂಟರುಗಳ ಇಂಗ್ಲಿಷ್ ಕೊಡಗಿನಲ್ಲಿ ಇನ್ನೂ ಕೇಳುತ್ತದೆ. ಉಚ್ಚಾರ ಸ್ಪಷ್ಟ, ವಾಕ್ಯ ಬಿಗಿ, ಕಲಿಯಲು ಅದಕ್ಕಿಂತ ಒಳ್ಳೆಯ ತಳಹದಿ ಬೇಡ. ನುಡಿಗಟ್ಟುಗಳಲ್ಲಿ ಮಾತ್ರ ಹಳೆಯವು ಬೆರೆತಿರುತ್ತವೆ: ‘ಔಟ್ ಆಫ್ ಸ್ಟೇಷನ್’ ಬದಲು ಈಗ ‘ಔಟ್ ಆಫ್ ಟೌನ್’, ‘ಡೂ ದ ನೀಡ್‌ಫುಲ್’ ಬದಲು ಏನು ಆಗಬೇಕೋ ಅದನ್ನೇ ಬಿಡಿಸಿ ಹೇಳುವುದು, ‘ಓಲ್ಡ್ ಚ್ಯಾಪ್’ ಎಂಬುದನ್ನು ಅವರಿಗೇ ಬಿಟ್ಟುಬಿಡುವುದು. ಅವರಿಂದ ಪದಪಟ್ಟಿಗಿಂತ ಅಭ್ಯಾಸ ಕೇಳಿ. ದಿನಕ್ಕೆ ಹತ್ತು ನಿಮಿಷ ಅವರು ಅತಿಥಿಯಾಗಲಿ, ಆ ವಾರದ ಐದು ಚೀಟಿ ಅವರ ಕೈಯಲ್ಲಿರಲಿ. ಬುಕಿಂಗ್ ತಾರೀಖು ‘ಪುಶ್ ಬ್ಯಾಕ್’ ಮಾಡಲಿ, ಊಟ ಬೇಡವೆನ್ನಲಿ, ಬಾತ್‌ರೂಮಿನ ಬಗ್ಗೆ ಮೆತ್ತಗೆ ದೂರಲಿ, ಯಾವುದು ಯಾವಾಗ ಬರುತ್ತದೆಂದು ನಿಮಗೆ ಮುಂಚೆ ತಿಳಿಯಬಾರದು. ಮೂರು ಸೆಕೆಂಡಿನೊಳಗೆ ಉತ್ತರ ಬಾರದ ಚೀಟಿಯನ್ನು ಮರುದಿನದ ಕಟ್ಟಿನ ಮೇಲೆ ಇಡಲಿ.